ಎಡಗಡೆಯ ಏಳು

ನನ್ನ ಅಣ್ಣ ಮದುವೆಯಾಗಲಿಲ್ಲ. ಆಗಿದ್ದರೆ ಆ ಅತ್ತಿಗೆಗೆ ಸತ್ತ ಮೇಲೆ ಸ್ವರ್ಗ ಗ್ಯಾರಂಟಿ, ನರಕವನ್ನು ಇಲ್ಲೇ ಮುಗಿಸಿಕೊಂಡು ಹೋಗಿರುತ್ತಿದ್ದಳು. ಶಾಲೆಯಲ್ಲಿ ಗಣಿತದ ಮೇಷ್ಟ್ರು, ಸರಿ. ಮನೆಯಲ್ಲೂ ಅದೇ ಆದರೆ ಹೇಗೆ? ಊಟಕ್ಕೆ ಬಡಿಸಿದರೆ ತಟ್ಟೆ ನೋಡುವುದಿಲ್ಲ, ಗೋಡೆ ನೋಡುತ್ತಾನೆ. "ಉಪ್ಪು ಸರಿಯಿದೆಯಾ?" ಎಂದು ಕೇಳಿದರೆ "ಎರಡು ಬಿಟ್ಟರೆ ಸಮಸಂಖ್ಯೆ ಯಾವುದೂ ಅವಿಭಾಜ್ಯ ಅಲ್ಲ ಕಣೇ" ಅನ್ನುತ್ತಾನೆ. ಅಪ್ಪ ಅಮ್ಮ ಹೋದ ಮೇಲೆ ಈ ಭಾಗ್ಯವೆಲ್ಲ ನನ್ನೊಬ್ಬಳದೇ.

ನನ್ನದು ಬೋರ್ಡು ಮಾಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ನಾವಿಬ್ಬರು. ಹಿತ್ತಾಳೆ ತಗಡು ತಂದು, ಗರಗಸದಲ್ಲಿ ಅಕ್ಷರ, ಅಂಕಿ ಕೊಯ್ದು, ಅರ ಹಾಕಿ ಉಜ್ಜಿ, ಮಿರಮಿರ ಮಿಂಚಿಸಿ ಕೊಡುತ್ತೇನೆ. ಡಾಕ್ಟರ ಹೆಸರು, ವಕೀಲರ ಹೆಸರು, ಮನೆ ನಂಬರು. ಒಂದು ದಿನ ಅಣ್ಣ ಗಿರಾಕಿಯ ಹಾಗೆ ಮುಂದಿನ ಬಾಗಿಲಿಂದ ಬಂದು, ಒಂದು ಚೀಟಿ ಮೇಜಿನ ಮೇಲಿಟ್ಟು, "ಎಂಟು ಅಂಕಿ ಬೇಕು. ಒಂದೊಂದೂ ಗೇಣುದ್ದ ಇರಲಿ" ಎಂದ. ಚೀಟಿಯಲ್ಲಿ 73939133 ಎಂದಿತ್ತು.

"ಯಾರ ಫೋನ್ ನಂಬರೋ ಇದು?" ಎಂದೆ.

ಅವನ ಮುಖ ನೋಡಬೇಕಿತ್ತು. ದೇವರನ್ನು ನೋಡಿ ಯಾರೋ ಇದು ಎಂದು ಕೇಳಿದ ಹಾಗೆ ನೊಂದುಕೊಂಡ. ಆಮೇಲೆ ಸ್ಟೂಲೆಳೆದುಕೊಂಡು ಕೂತು ಶುರು ಮಾಡಿದ. ಇದು ಏಳು ಕೋಟಿಗೂ ಮೇಲಿನ ಸಂಖ್ಯೆ. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟು ಇನ್ಯಾವುದರಿಂದಲೂ ಭಾಗವಾಗದು. ಅಂಥವು ಬೇಕಾದಷ್ಟಿವೆ, ಇದರಲ್ಲೇನು ಹೆಚ್ಚು? ಬಲಗಡೆಯ ಕೊನೆಯ ಅಂಕಿ ಕಿತ್ತುಹಾಕಿದರೆ ಉಳಿದದ್ದೂ ಅವಿಭಾಜ್ಯವೇ. ಅದರ ಕೊನೆಯದನ್ನು ಕಿತ್ತರೆ ಮತ್ತೂ ಅವಿಭಾಜ್ಯವೇ. ಹೀಗೇ ಕೀಳುತ್ತ ಹೋದರೆ ಕಡೆಗೆ ಏಳು ಒಂದೇ ಉಳಿಯುತ್ತದೆ, ಅದೂ ಅವಿಭಾಜ್ಯ. ಇಂಥ ಗುಣ ಇರುವ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಇದರ ಬಾಲಕ್ಕೆ ಇನ್ನೊಂದು ಅಂಕಿ ಅಂಟಿಸಿದೆಯೋ, ಯಾವುದೇ ಅಂಕಿ ಇರಲಿ, ಕೆಟ್ಟಿತು.

"ಎಡಗಡೆಯಿಂದ ಕಿತ್ತರೆ?" ಎಂದೆ, ಮಾತಿಗೆ ಇರಲಿ ಎಂದು.

ಅಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಎಡಗಡೆ ಏಳು ತೆಗೆದ್ರೆ ಹನ್ನೊಂದರಿಂದ ಭಾಗ ಹೋಗಿಬಿಡುತ್ತೆ. ಯಾರಿಗೂ ಹೇಳ್ಬೇಡ."

ಯಾರಿಗೆ ಹೇಳಲಿ, ಯಾರು ಕೇಳುತ್ತಾರೆ ಎಂದುಕೊಂಡೆ. ಆದರೆ ಈ ಅಂಕಿಗಳ ಹಿಂದೆ ಒಂದು ಜಗಳವಿತ್ತು. ಶಾಲೆಯ ಮಹಡಿಯಲ್ಲಿ ಗಣಿತದ ಕೋಣೆ ಅಂತ ಒಂದಿದೆ. ಮನೆಯಲ್ಲಿ ನನ್ನ ಬಾಯಿಗೆ ಹೆದರಿ ಮೂಲೆಯಲ್ಲಿ ಕೂರುವ ಮನುಷ್ಯ ಆ ಕೋಣೆಯಲ್ಲಿ ರಾಜ. ಲೆಕ್ಕ ಅಂದರೆ ಜ್ವರ ಬರುವ ಮಕ್ಕಳನ್ನೆಲ್ಲ ಬಿಡುವಿನ ಹೊತ್ತಲ್ಲಿ ಅಲ್ಲಿ ಕೂರಿಸಿಕೊಂಡು, ಮರದ ಗೋಲ, ಶಂಕು ಕೈಗೆ ಕೊಟ್ಟು, ಒಂದು ಸಲವೂ ಗದರದೆ ಕಲಿಸುತ್ತಾನೆ. ಕೆಲವೊಮ್ಮೆ ಹಾಡುತ್ತಾನಂತೆ ಕೂಡ. ನನಗೇ ನಂಬಿಕೆ ಬರಲಿಲ್ಲ. ಈಗ ಆ ಕೋಣೆಯ ಮೇಲೆ ಆಟದ ಮೇಷ್ಟರ ಕಣ್ಣು ಬಿದ್ದಿತ್ತು. ಅವರಿಗೆ ಮಕ್ಕಳು ಪಲ್ಟಿ ಹೊಡೆಯುವ ಮ್ಯಾಟುಗಳನ್ನು ಇಡಲು ಜಾಗವಿಲ್ಲ. ಪಕ್ಕದ ಅವರ ಸ್ಟೋರು ಚೆಂಡು, ಬ್ಯಾಟು ತುಂಬಿ ಬಾಗಿಲು ಹಾಕಲೂ ಆಗದ ಸ್ಥಿತಿ. ಸದಾ ಕೊರಳಲ್ಲಿ ಸೀಟಿ ನೇತಾಡುವುದರಿಂದ ಅವರನ್ನು ಊರೆಲ್ಲ ಪೀಪಿ ಮೇಷ್ಟ್ರು ಅನ್ನುತ್ತಿತ್ತು.

ಇಬ್ಬರ ದೂರು ಕೇಳಿ ಕೇಳಿ ಹೆಡ್ ಮೇಡಂ ಕಿವಿ ಸವೆದಿತ್ತು. ಅಷ್ಟರಲ್ಲಿ ಅಣ್ಣ ಹೋಗಿ ಕೋಣೆಯ ಹೊರಗೋಡೆಗೆ ನನ್ನ ಎಂಟು ಅಂಕಿ ಸ್ಕ್ರೂ ಹಾಕಿ ಕೂರಿಸಿ, ಕೆಳಗೆ ಬಣ್ಣದಲ್ಲಿ "ಈ ಸಂಖ್ಯೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ" ಎಂದು ಬರೆಸಿದ್ದ. ಮೇಡಂ ಅದನ್ನು ಓದಿದರು. ಅವರ ಕಣ್ಣಲ್ಲಿ ಕಿಡಿಗೇಡಿತನ ಮಿಂಚಿತಂತೆ.

"ಸರಿ ಹಾಗಾದ್ರೆ. ರಜೆಗೆ ಮುಂಚಿನ ಕೊನೇ ದಿನ ನಾನು ಈ ಗೋಡೆ ಮುಂದೆ ನಿಲ್ತೀನಿ. ಮಧ್ಯದಲ್ಲಿ ಪ್ರತಿ ಸೋಮವಾರಾನೂ ನೋಡ್ತೀನಿ. ಬರೆದಿರೋದು ನಿಜವಾಗಿದ್ರೆ ಕೋಣೆ ಗಣಿತಕ್ಕೆ, ಶಾಶ್ವತವಾಗಿ. ಯಾವತ್ತು ಸುಳ್ಳಾಯ್ತೋ ಅವತ್ತೇ ಆಟಕ್ಕೆ. ಗೋಡೆ ಹತ್ರ ಯಾರು ಬಂದ್ರು, ಏನು ಮಾಡಿದ್ರು, ನಾನು ನೋಡೋಕೆ ಹೋಗಲ್ಲ."

ಅಣ್ಣ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡ. ನನಗೆ ಮಾತ್ರ ಚಿಂತೆ. ಅವನು ಆ ಕೋಣೆ ಕಳೆದುಕೊಂಡರೆ ಆ ಮಕ್ಕಳು ಎಲ್ಲಿ ಹೋಗಬೇಕು, ಇವನು ಎಲ್ಲಿ ಹಾಡಬೇಕು? ಇನ್ನೊಂದು ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ. ಕೋಣೆ ಹೋದರೆ ಈ ಮಹಾನುಭಾವ ಸಂಜೆಯೆಲ್ಲ ನನ್ನ ಅಂಗಡಿಯಲ್ಲಿ ಬಂದು ಕೂತು ಗಿರಾಕಿಗಳಿಗೆ ಪಾಠ ಹೇಳುತ್ತಾನೆ.

ಮೊದಲ ಸೋಮವಾರ ಕಳೆದ ಮಾರನೆಯ ದಿನ ಅಂಗಡಿಯ ಬಾಗಿಲಲ್ಲಿ ಒಂದು ನೆರಳು. ಎತ್ತರದ ಆಳು, ಕೊರಳಲ್ಲಿ ಸೀಟಿ, ಕೈಯಲ್ಲಿ ಟವೆಲು ಸುತ್ತಿದ ಏನೋ ಒಂದು. ಬಿಚ್ಚಿದರೆ ನನ್ನ ಮೂರು.

"ಇದು ನಿಮ್ಮ ಕೈಕೆಲಸ ಅಂತೆ," ಎಂದರು ಪೀಪಿ ಮೇಷ್ಟ್ರು. "ಇದರ ಸ್ಕ್ರೂ ಬರಲ್ಲ ಅನ್ನುತ್ತೆ. ಒಂದು ಬಂತು, ಇನ್ನೊಂದನ್ನ ಕಟ್ ಮಾಡ್ಬೇಕಾಯ್ತು."

ನಾನು ನೋಡಿದೆ. ಸ್ಕ್ರೂ ತಲೆ ಕಿತ್ತುಹೋಗಿತ್ತು. ಹಿತ್ತಾಳೆಯ ಮೇಲೆ ಉದ್ದಕ್ಕೆ ಗೀರು. ನನ್ನ ಪಿತ್ತ ನೆತ್ತಿಗೇರಿತು.

"ಅಯ್ಯೋ ನಿಮ್ಮ ಕೈಗೆ ಏನು ಬಂದಿದೇರೀ! ಯಾವ ಕತ್ತಿ ಹಾಕಿದ್ರಿ ಇದಕ್ಕೆ? ಎರಡು ದಿನ ಉಜ್ಜಿದ್ದೀನಿ ನಾನು ಇದನ್ನ! ಕಳ್ಳತನ ಮಾಡೋದಾದ್ರೆ ನೆಟ್ಟಗಾದ್ರೂ ಮಾಡ್ಬಾರದಾ?"

ಅವರು ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತರು. ಅಷ್ಟು ದೊಡ್ಡ ಮನುಷ್ಯ ತಲೆ ತಗ್ಗಿಸಿದ್ದು ನೋಡಿ ನನಗೆ ನಗು ಬಂತು, ಆದರೆ ತೋರಿಸಲಿಲ್ಲ. ಟೀ ಕೊಟ್ಟೆ. ಕುಡಿಯುತ್ತ ಕೂತವರು ಎದ್ದು ಹೋಗುವ ಲಕ್ಷಣವೇ ಕಾಣಲಿಲ್ಲ. ಆಗ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ನನ್ನ ಸ್ಕ್ರೂಗಳಿಗೆ ನನ್ನದೇ ಎರಡು ಸ್ಕ್ರೂಡ್ರೈವರ್ ಇವೆ, ಬೇರೆಯದು ಕೂರುವುದಿಲ್ಲ. ಒಂದನ್ನು ಅವರ ಮುಂದಿಟ್ಟೆ.

"ಕಿತ್ತೇ ಕೀಳ್ತೀರಾ ಅಂದ್ರೆ ಇದರಲ್ಲಿ ಕೀಳಿ. ಕಿತ್ತದ್ದನ್ನ ಗೀರು ಬೀಳದ ಹಾಗೆ ನನ್ನ ಹತ್ರ ತಂದುಕೊಡಿ. ಮತ್ತೆ ಬಲಗಡೆಯಿಂದಾನೇ ಕೀಳಿ. ಎಡಗಡೆ ಗೋಡೆ ಟೊಳ್ಳು. ಏಳನ್ನ ಮುಟ್ಟಿದ್ರೋ, ಗಾರೆ ಸಮೇತ ಕಾಲ ಮೇಲೆ ಬೀಳುತ್ತೆ."

ಗೋಡೆ ಕಲ್ಲಿನ ಹಾಗೆ ಗಟ್ಟಿಯಿತ್ತು. ಆದರೆ ಎಡಗಡೆ ಮೆಟ್ಟಿಲು ಇಳಿಯುವ ಕಡೆ, ಏಣಿಯಿಲ್ಲದೆ ಕೈ ಎಟುಕದ ಜಾಗ, ಬಲಗಡೆಯಾದರೋ ಅವರ ಸ್ಟೋರಿನ ಕಿಟಕಿಯಿಂದ ಕೈ ಚಾಚಿದರೆ ಸಿಗುತ್ತದೆ. ಅವರು ತಲೆಯಾಡಿಸಿ ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡರು. ಎಂಥಾ ಬುದ್ಧಿವಂತೆ ನಾನು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಲ್ಲಿಂದ ಶಾಲೆಯಲ್ಲಿ ದೊಂಬರಾಟ. ಸೋಮವಾರ ಬಂತೆಂದರೆ ಗೋಡೆಯ ಮೇಲೆ ಒಂದು ಅಂಕಿ ಕಡಿಮೆ. ಹೆಡ್ ಮೇಡಂ ಉಳಿದ ಸಂಖ್ಯೆಯನ್ನು ಎಲ್ಲ ತರಗತಿಗೂ ಹಂಚಿ, ನೀವು ಇಷ್ಟರಿಂದ ಭಾಗಿಸಿ ನೋಡಿ, ನೀವು ಅಷ್ಟರಿಂದ ಭಾಗಿಸಿ ನೋಡಿ ಎನ್ನುತ್ತಿದ್ದರು. ಇಡೀ ಶಾಲೆ ಪೆನ್ಸಿಲ್ ಕಚ್ಚಿಕೊಂಡು ಭಾಗಾಕಾರ ಮಾಡುತ್ತಿತ್ತು. ಎಲ್ಲ ಕಡೆಯಿಂದಲೂ ಶೇಷ, ಶೇಷ, ಶೇಷ. ಅಣ್ಣ ಗೋಡೆಯ ಕೆಳಗೆ ಕೈಕಟ್ಟಿ ನಿಂತು, ಬೋಳಾಗುತ್ತಿರುವ ತನ್ನ ಬೋರ್ಡನ್ನು ನೋಡಿ ಹಲ್ಲು ಕಿರಿಯುತ್ತಿದ್ದ. ತನ್ನದನ್ನು ಕದ್ದರೆ ಇಷ್ಟು ಸಂತೋಷಪಡುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಮಂಗಳವಾರ ಬಂತೆಂದರೆ ನನ್ನ ಅಂಗಡಿಗೆ ಒಂದು ಅಂಕಿ. ಇನ್ನೊಂದು ಮೂರು ಬಂತು, ಒಂದು ಬಂತು, ಒಂಬತ್ತು ಬಂತು. ಒಂದೇ ಒಂದು ಗೀರಿಲ್ಲ. ಪೀಪಿ ಮೇಷ್ಟ್ರು ಅದನ್ನು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತು, ಟೀ ಕುಡಿದು, ಏನಾದರೂ ಹೇಳುತ್ತಿದ್ದರು. ಓಟದ ಪಂದ್ಯದಲ್ಲಿ ಬಿದ್ದ ಹುಡುಗಿ ಎದ್ದು ಹಿಂದಕ್ಕೆ ಓಡಿದ್ದು. ಸೀಟಿಯೊಳಗೆ ಇರುವೆ ಸೇರಿಕೊಂಡು ಪ್ರಾರ್ಥನೆಯ ಹೊತ್ತಲ್ಲಿ ಊದಿದರೆ ಬರೀ ಗಾಳಿ ಬಂದದ್ದು. ನಾನು ನಗುತ್ತ ನಗುತ್ತ ಒಂದು ಡಾಕ್ಟರ ಹೆಸರಿನ ಮಧ್ಯದ ಅಕ್ಷರವನ್ನೇ ಬಿಟ್ಟು ಕೊಯ್ದೆ. ಮಂಗಳವಾರ ಬೆಳಿಗ್ಗೆ ಅರದ ಪುಡಿ ಗುಡಿಸಿ, ಒಗೆದ ಸೀರೆ ಉಡುತ್ತಿದ್ದೇನೆ ಎಂಬುದನ್ನು ನಾನೇ ಎಷ್ಟೋ ತಡವಾಗಿ ಗಮನಿಸಿದ್ದು. ನಲವತ್ತು ದಾಟಿದವಳಿಗೆ ಇದೇನು ಬಂತಪ್ಪ ಎಂದು ಕನ್ನಡಿಯ ಮುಂದೆ ನನಗೇ ಬೈದುಕೊಂಡೆ.

ಗೋಡೆಯ ಮೇಲೆ 73 ಮಾತ್ರ ಉಳಿದಾಗ ಪೀಪಿ ಮೇಷ್ಟರಿಗೆ ಕಾಗದದ ಮೇಲಿನ ಭಾಗಾಕಾರ ಸಾಕಾಯಿತಂತೆ. ಎಪ್ಪತ್ತಮೂರು ಮಕ್ಕಳನ್ನು ಮೈದಾನಕ್ಕೆ ಕರೆದು ಸೀಟಿ ಊದಿದರು. ಅವರ ಲೆಕ್ಕವೆಲ್ಲ ತಂಡದ ಲೆಕ್ಕ, ಹನ್ನೊಂದು ಹನ್ನೊಂದಾಗಿ ನಿಲ್ಲಿಸಿದರು. ಏಳು ಮಕ್ಕಳು ಉಳಿದರು. ಎಂಟೆಂಟಾಗಿ ನಿಲ್ಲಿಸಿದರು, ಒಬ್ಬಳು ಉಳಿದಳು. ಒಂಬತ್ತೊಂಬತ್ತಾಗಿ ನಿಲ್ಲಿಸಿದರೆ ಮತ್ತೆ ಅವಳೇ. ಆರಾರು, ಹನ್ನೆರಡು ಹನ್ನೆರಡು, ಏನು ಮಾಡಿದರೂ ಅದೇ ಎರಡು ಜಡೆಯ ಹುಡುಗಿ ಒಂಟಿಯಾಗಿ ನಿಲ್ಲುತ್ತಿದ್ದಳು.

"ಸಾರ್, ನಾನು ಮನೆಗೆ ಹೋಗ್ಲಾ? ಆಗ ಎಲ್ಲಾ ಸರಿ ಹೋಗುತ್ತೆ," ಎಂದಳಂತೆ.

"ನೀನು ಇದ್ರೇನೇ ನಮ್ಮೇಷ್ಟ್ರು ಗೆಲ್ಲೋದು, ಅಲ್ಲಾಡಬೇಡ!" ಎಂದು ಲೆಕ್ಕದ ಜ್ವರದ ಮಕ್ಕಳೆಲ್ಲ ಕೂಗಿದರಂತೆ. ಮಹಡಿಯ ಕಿಟಕಿಯಲ್ಲಿ ನಿಂತ ಅಣ್ಣ ಚಪ್ಪಾಳೆ ತಟ್ಟಿದನಂತೆ.

ಕೊನೆಯ ವಾರ ಪೀಪಿ ಮೇಷ್ಟ್ರು ಬಾಕಿ ಇದ್ದ ಮೂರರ ಅಂಕಿಯನ್ನೂ ತಂದರು. ಗೋಡೆಯ ಮೇಲೆ ಏಳು ಒಂದೇ. ಮಾರನೆಯ ದಿನವೇ ತೀರ್ಮಾನ. ಅವರು ಟೀ ಮುಟ್ಟಲಿಲ್ಲ.

"ಒಂದು ವಿಷಯ ಹೇಳ್ಬೇಕು," ಎಂದರು. "ಎಡಗಡೆ ಗೋಡೆ ಟೊಳ್ಳಲ್ಲ. ಎರಡನೇ ವಾರವೇ ಏಣಿ ಹಾಕಿ ತಟ್ಟಿ ನೋಡ್ದೆ."

ನಾನು ನಾಲಿಗೆ ಕಚ್ಚಿಕೊಂಡೆ.

"ಮನೇಲಿ ಕೂತು ಲೆಕ್ಕಾನೂ ಮಾಡ್ದೆ. ನಂಗೆ ಎಲ್ಲಾನೂ ಹನ್ನೊಂದರಿಂದ ಭಾಗಿಸೋ ಚಾಳಿ. ಮೊದಲನೇ ಮೂರನ್ನ ವಾಪಸ್ ಹಾಕಿ, ಆ ಏಳನ್ನ ತೆಗೆದಿದ್ರೆ ಹನ್ನೊಂದರಿಂದ ನೀಟಾಗಿ ಹೋಗ್ತಿತ್ತು. ಆವತ್ತೇ ಗೆದ್ದುಬಿಡ್ತಿದ್ದೆ."

"ಮತ್ಯಾಕೆ ಗೆಲ್ಲಲಿಲ್ಲ?"

ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಗೆದ್ದಿದ್ರೆ ಇಲ್ಲಿಗೆ ಬರೋಕೆ ಏನು ನೆಪ ಹೇಳ್ಲಿ?"

ಎದ್ದು ಹೋಗಿ ಆರಿದ ಟೀ ಚೆಲ್ಲಿ ಬಿಸಿ ಟೀ ತಂದಿಟ್ಟೆ. ಅವರು ಕುಡಿದರು. ಹೊರಡುವಾಗ ಏಳೂ ಅಂಕಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡರು.

"ನಿಮ್ಮಣ್ಣ ನಾಳೆ ಪೂರ್ತಿ ಬೋರ್ಡ್ ಇಟ್ಕೊಂಡು ಗೆಲ್ಲಲಿ. ಬೋಳು ಗೋಡೆ ಮುಂದೆ ಯಾಕೆ? ಈಗಲೇ ಹೋಗಿ ಹಾಕಿಬಿಡ್ತೀನಿ. ಅವರಿಗೆ ಹೇಳ್ಬೇಡಿ, ಆಯ್ತಾ?"

ಹೇಳುವುದಿಲ್ಲ ಎಂದೆ. ಹೇಳಲೂ ಇಲ್ಲ. ಆದರೆ ಊಟಕ್ಕೆ ಕೂತ ಅಣ್ಣನ ಬಾಯಿ ಸುಮ್ಮನಿರಬೇಕಲ್ಲ. ಗೆದ್ದೇ ಬಿಟ್ಟೆ ಎಂಬ ಹಮ್ಮು ಬೇರೆ. "ಮೈ ಬೆಳೆಸಿದ್ದಾನೆ ಅಷ್ಟೇ, ತಲೇಲಿ ಏನೂ ಇಲ್ಲ. ಎಡಗಡೆಯಿಂದ ತೆಗೀಬಹುದು ಅಂತ ಆ ದಡ್ಡನಿಗೆ ಹೊಳೀಲೇ ಇಲ್ಲ ನೋಡು!" ಎಂದು ಗಹಗಹಿಸಿದ.

ನನಗೆ ಎಲ್ಲಿತ್ತೋ ಸಿಟ್ಟು. ಸೌಟು ಕುಕ್ಕಿದೆ.

"ಹೊಳೆದಿತ್ತು! ಎರಡನೇ ವಾರವೇ ಹೊಳೆದಿತ್ತು. ಹನ್ನೊಂದರಿಂದ ಹೋಗುತ್ತೆ ಅಂತ ಅವರಿಗೆ ಗೊತ್ತು. ಬೇಕು ಅಂತಾನೇ ಬಿಟ್ಟುಕೊಟ್ಟಿದ್ದಾರೆ ನಿನಗೆ. ದಡ್ಡ ಯಾರು ಅಂತ ಈಗ ಹೇಳು!"

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ಬಿಟ್ಟುಕೊಟ್ಟನಾ? ಯಾಕೆ?"

"ಯಾಕೆ ಅಂತ ನೀನೇ ಯೋಚನೆ ಮಾಡು."

ಯೋಚನೆ ಮಾಡಿದ. ಏಳು ಕೋಟಿ ದಾಟಿದ ಸಂಖ್ಯೆಯ ಒಳಹೊರಗೆ ಬಲ್ಲವನಿಗೆ ಎದುರಿಗೆ ಕೆಂಪಗಾಗಿ ನಿಂತ ತಂಗಿಯ ಮುಖ ಓದಲು ಬರಲಿಲ್ಲ. "ನನ್ನ ಮೇಲೆ ಕರುಣೆ ತೋರಿಸಿದ್ದಾನೆ," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಕರುಣೆಯಿಂದ ಸಿಕ್ಕಿದ ಕೋಣೆ ನನಗೆ ಬೇಡ." ಅರ್ಧ ಊಟಕ್ಕೇ ಕೈ ತೊಳೆದು, ಸ್ವಲ್ಪ ತಿರುಗಾಡಿಕೊಂಡು ಬರುತ್ತೇನೆ ಎಂದು ಹೋದ. ನನ್ನ ಬಾಯಿಗೆ ಬೀಗ ಹಾಕಬೇಕು ಎಂದು ಹಳಿದುಕೊಂಡೆ.

ಮರುದಿನ ಬೋರ್ಡು ಮಾಡಿದವಳು ಎಂದು ನನ್ನನ್ನೂ ಕರೆದಿದ್ದರು. ಶಾಲೆಗೆ ಬಣ್ಣ ಬಳಿಯುವವರು ಬಂದಿದ್ದರು. ಅಂಕಿಯ ಮೇಲೆ ಬಣ್ಣ ಸಿಡಿಯದಿರಲಿ ಎಂದು ಹಿಂದಿನ ದಿನ ಮಧ್ಯಾಹ್ನವೇ ಬೋರ್ಡಿಗೆ ಒಂದು ಹಳೇ ಪರದೆ ಇಳಿಬಿಟ್ಟಿದ್ದರು. ಅವರ ಏಣಿ ಎಡಗಡೆ ಮೆಟ್ಟಿಲ ಬಳಿ ಒರಗಿತ್ತು. ಮಕ್ಕಳು ಮೆಟ್ಟಿಲ ಮೇಲೆಲ್ಲ ಕಿಕ್ಕಿರಿದು ನಿಂತಿದ್ದರು. ಪೀಪಿ ಮೇಷ್ಟ್ರು ನನ್ನ ಕಡೆ ನೋಡಿ ಗುಟ್ಟಾಗಿ ಕಣ್ಣು ಮಿಟುಕಿಸಿದರು. ಅಣ್ಣ ಮಾತ್ರ ಸಾವಿನ ಮನೆಗೆ ಬಂದವನ ಹಾಗೆ ನಿಂತಿದ್ದ.

ಮೇಡಂ ಪರದೆ ಎಳೆದರು.

3939133.

ಮಿರಮಿರನೆ ಏಳು ಅಂಕಿ. ಎಡಗಡೆ ಏಳು ಇದ್ದ ಜಾಗದಲ್ಲಿ ಸ್ಕ್ರೂ ತೂತುಗಳು ಮಾತ್ರ.

ಪೀಪಿ ಮೇಷ್ಟರ ಬಾಯಿ ತೆರೆದುಕೊಂಡಿತು. ಅಣ್ಣನದೂ ತೆರೆದುಕೊಂಡಿತು. ನನಗೆ ಒಂದು ಗಳಿಗೆಯಲ್ಲಿ ಎಲ್ಲ ತಿಳಿಯಿತು. ಪೀಪಿ ಮೇಷ್ಟ್ರು ಸಂಜೆ ಕಿಟಕಿಯಿಂದ ಪರದೆಯಡಿ ಕೈ ಹಾಕಿ ತಡವಿ ತಡವಿ ಏಳೂ ಅಂಕಿ ಕೂರಿಸಿ ಹೋಗಿದ್ದಾರೆ. ಆಮೇಲೆ ಅಣ್ಣ ನನ್ನ ಇನ್ನೊಂದು ಸ್ಕ್ರೂಡ್ರೈವರ್ ಹಿಡಿದು ಏಣಿ ಹತ್ತಿ, ಪರದೆಯ ಇನ್ನೊಂದು ತುದಿಯಲ್ಲಿ ಕೈ ಹಾಕಿ, ಉಳಿದಿರುವುದೊಂದೇ, ಅದೂ ಹೋದರೆ ಬರೆದದ್ದು ಸುಳ್ಳಾಗುತ್ತದೆ ಎಂದುಕೊಂಡು ಏಳನ್ನು ಕಿತ್ತಿದ್ದಾನೆ. ಒಬ್ಬ ಗೆಲ್ಲಿಸಲು ಹೊರಟವನು, ಇನ್ನೊಬ್ಬ ಸೋಲಲು ಹೊರಟವನು. ಇಬ್ಬರಿಗೂ ದೊಡ್ಡ ಮನಸ್ಸು, ಇಬ್ಬರಿಗೂ ಬುದ್ಧಿಯಿಲ್ಲ.

"ಏನ್ರೀ ಇದು?" ಎಂದರು ಮೇಡಂ. "ಇದು ಭಾಗ ಆಗುತ್ತಾ?"

ಸುಮ್ಮನಿದ್ದಿದ್ದರೆ ಮಕ್ಕಳು ಭಾಗಾಕಾರ ಮಾಡುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಆದರೆ ಅಣ್ಣನ ಕಣ್ಣು ಆಗಲೇ ಅಂಕಿಗಳ ಮೇಲೆ ಓಡುತ್ತಿತ್ತು, ಸಂತೋಷ ತಡೆಯಲಾಗಲಿಲ್ಲ. "ಆಗುತ್ತೆ ಮೇಡಂ! ಹನ್ನೊಂದರಿಂದ! ಒಂದು ಬಿಟ್ಟು ಒಂದು ಅಂಕಿ ಕೂಡಿ ಬೇರೆ ಬೇರೆ ಇಡಿ. ಆ ಕಡೆ ಹತ್ತು, ಈ ಕಡೆ ಇಪ್ಪತ್ತೊಂದು, ವ್ಯತ್ಯಾಸ ಹನ್ನೊಂದು! ಎಷ್ಟು ಚೆನ್ನಾಗಿದೆ ನೋಡಿ!" ಎಂದು ಕೂಗಿಯೇ ಬಿಟ್ಟ. ಕೂಗಿದ ಮೇಲೆ ಏನು ಹೇಳಿದೆನೆಂದು ಅರಿವಾಗಿ ಮುಖ ಬಿಳಿಚಿತು. ಜೇಬಿನಿಂದ ಏಳನ್ನು ತೆಗೆದು ಸುಮ್ಮನೆ ಮೇಡಂ ಕೈಗಿಟ್ಟ.

"ಹಾಗಾದ್ರೆ ಬರೆದಿರೋದು ಸುಳ್ಳಾಯ್ತು," ಎಂದರು ಮೇಡಂ. ಅವರಿಗೂ ಇಷ್ಟವಿರಲಿಲ್ಲ, ಆದರೆ ಇಡೀ ಶಾಲೆಯ ಮುಂದೆ ಆಡಿದ ಮಾತು. ಕೋಣೆಯ ಬೀಗದಕೈಯನ್ನು ಪೀಪಿ ಮೇಷ್ಟರಿಗೆ ಕೊಟ್ಟರು. ಮೆಟ್ಟಿಲ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡು ಜಡೆಯ ಹುಡುಗಿ ಬಿಕ್ಕಿದ್ದು ಕೇಳಿಸಿತು. ನನ್ನ ಕಣ್ಣೂ ತುಂಬಿತು, ಎಲ್ಲ ನನ್ನ ಬಾಯಿಯಿಂದಲೇ ಆದದ್ದು.

ಪೀಪಿ ಮೇಷ್ಟ್ರು ಕೈಯಲ್ಲಿದ್ದ ಬೀಗದಕೈಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನೇರ ಅಣ್ಣನ ಹತ್ತಿರ ಹೋದರು.

"ಕೋಣೆ ಈಗ ನಂದು ತಾನೇ? ನಂದಾದ್ಮೇಲೆ ನನ್ನಿಷ್ಟ. ಒಂದು ಮೂಲೇಲಿ ನನ್ನ ಮ್ಯಾಟು ಬಿದ್ದಿರುತ್ತೆ. ಮಕ್ಕಳು ಬೇಕಾದ್ರೆ ಅದರ ಮೇಲೇ ಕೂತು ಲೆಕ್ಕ ಮಾಡ್ಲಿ. ಬೀಗದಕೈ ನಿಮ್ಮ ಹತ್ರಾನೇ ಇರ್ಲಿ, ತಗೊಳ್ಳಿ ಭಾವ."

ಮೆಟ್ಟಿಲ ಮೇಲೆ ಗುಸುಗುಸು ಎದ್ದಿತು. ಮೇಡಂ ಹುಬ್ಬು ಹಾರಿಸಿದರು. ಮಕ್ಕಳೆಲ್ಲ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ನನ್ನನ್ನು ಒಂದು ಮಾತು ಕೇಳದೆ ಊರಿಗೆಲ್ಲ ಸಾರಿದ ಇವರ ಧೈರ್ಯವೇ!

"ಭಾವ?" ಎಂದ ಅಣ್ಣ, ಬೀಗದಕೈ ಹಿಡಿದುಕೊಂಡು. "ಯಾರು ಭಾವ? ಯಾರಿಗೆ ಭಾವ?" ಅವರ ಮುಖ ನೋಡಿದ, ನನ್ನ ಮುಖ ನೋಡಿದ, ನನ್ನ ಒಗೆದ ಸೀರೆ ನೋಡಿದ. ಕಡೆಗೂ ಲೆಕ್ಕ ಕೂಡಿತು. "ಹೌದೇನೇ?" ಎಂದ ನನಗೆ.

"ಹೌದು," ಎಂದೆ. ಇನ್ನೇನು ಹೇಳಲಿ? ನಿಜವಿತ್ತು.

ಅಣ್ಣ ಬೀಗದಕೈಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಅಷ್ಟು ಮಕ್ಕಳ ಮುಂದೆ, ನಾಚಿಕೆಯೇ ಇಲ್ಲದೆ ಅತ್ತುಬಿಟ್ಟ. "ಕೋಣೆ ಉಳೀತು, ಸರಿ. ನೀನು ಹೋದ್ರೆ ಮನೇಲಿ ನನ್ನನ್ನ ಬೈಯೋರು ಯಾರೇ?"

"ನಾನ್ಯಾಕೋ ಹೋಗ್ಲಿ, ಅಂಗಡಿ ಬಿಟ್ಟು?" ಎಂದೆ ಅವನ ಮುಖ ಒರೆಸುತ್ತ. "ಅವರೇ ಬರ್ತಾರೆ ನಮ್ಮನೆಗೆ. ಇನ್ಮೇಲೆ ಬೈಸಿಕೊಳ್ಳೋಕೆ ಇಬ್ಬರು, ಅಷ್ಟೇ."

ಆ ವಿಷಯ ಪೀಪಿ ಮೇಷ್ಟರಿಗೂ ಗೊತ್ತಾಗಿದ್ದು ಆಗಲೇ.